ಮೋಟಾರು ವಾಹನದ ವಾಯುಮಾರ್ಗ: ಅಲ್ಲಿ ಸೇರುವ ಕಸ, ಅದನ್ನು ತೆಗೆಯುವ ಬಗೆ

ಮೋಟಾರು ವಾಹನಕ್ಕೆ ಎರಡು ಬಗೆಯ ಉಸಿರಾಟಗಳುಂಟು. ಒಂದು ಎಂಜಿನಿನದು, ಇನ್ನೊಂದು ಒಳಗೆ ಕುಳಿತವರದು. ಎಂಜಿನು ಸೇವಿಸುವ ಗಾಳಿಯಲ್ಲಿ ಧೂಳು ಹೆಚ್ಚಾದರೆ ಅದರ ಶಕ್ತಿ ಕುಂದುವುದು, ಎಣ್ಣೆಯ ಖರ್ಚು ಏರುವುದು. ಆದುದರಿಂದ ಆ ದಾರಿಯ ಶೋಧಕವನ್ನು ಎಲ್ಲರೂ ಆಗಾಗ ಗಮನಿಸುತ್ತಾರೆ. ಎರಡನೆಯ ದಾರಿಯನ್ನು ನೋಡುವವರು ವಿರಳ. ಅದು ಡ್ಯಾಶ್‌ಬೋರ್ಡಿನ ಹಿಂದೆ ಮರೆಯಾಗಿರುವುದೂ, ಅದು ಕೆಟ್ಟರೂ ವಾಹನವು ಓಡುತ್ತಲೇ ಇರುವುದೂ ಈ ಅಲಕ್ಷ್ಯಕ್ಕೆ ಕಾರಣ. ಆದರೆ ಚಳಿಗಾಲದ ಮುಂಜಾವಿನಲ್ಲಿ ಗಾಜು ಮಂಜಾಗಿ ಎದುರಿನ ದಾರಿ ಕಾಣದೆ ಹೋದಾಗ, ಈ ಎರಡನೆಯ ಉಸಿರಾಟದ ಮೇಲೆ ಪ್ರಯಾಣಿಕರ ಪ್ರಾಣವೇ ನಿಂತಿರುವುದು ತಿಳಿದುಬರುತ್ತದೆ. ಈ ವಾಯುಮಾರ್ಗದ ರಚನೆ ಎಂಥದು, ಅಲ್ಲಿ ಕಸ ಸೇರುವುದು ಹೇಗೆ, ಅದರಿಂದಾಗುವ ಕೇಡೇನು, ಅದನ್ನು ತೆಗೆಯುವ ಕ್ರಮ ಯಾವುದು ಎಂಬುದನ್ನು ಈ ಪಾಠದಲ್ಲಿ ವಿಚಾರಿಸೋಣ.

ಗಡಿಸೀಮೆಯ ಗಾಳಿ

ಉದಾಹರಣೆಗೆಂದು ಬೆಳಗಾವಿ ಜಿಲ್ಲೆಯ ಉತ್ತರ ಭಾಗವನ್ನು ತೆಗೆದುಕೊಳ್ಳೋಣ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳ ಈ ಸೀಮೆಯು ಸಮುದ್ರಮಟ್ಟದಿಂದ ಸುಮಾರು 550ರಿಂದ 700 ಮೀಟರ್ ಎತ್ತರದಲ್ಲಿದೆ. ಕೃಷ್ಣೆಯೂ ದೂಧಗಂಗಾ, ವೇದಗಂಗಾ ನದಿಗಳೂ ಇದಕ್ಕೆ ನೀರುಣಿಸುತ್ತವೆ. ಪಶ್ಚಿಮಕ್ಕೆ ನಿಪ್ಪಾಣಿಯ ಕಡೆ ಮಳೆ ಹೆಚ್ಚು; ಪೂರ್ವಕ್ಕೆ ಸರಿದಂತೆ ಅಥಣಿಯ ಕಡೆ ಅದು ಕಡಿಮೆ. ನೀರಾವರಿಯ ಹೊಲಗಳಲ್ಲಿ ಕಬ್ಬು, ನಿಪ್ಪಾಣಿಯ ಸುತ್ತ ಬೀಡಿ ತಂಬಾಕು, ಎಲ್ಲೆಡೆ ಎರೆಮಣ್ಣು. ಇವು ಇಲ್ಲಿನ ಭೂಮಿಯ ಮುಖ್ಯ ಲಕ್ಷಣಗಳು.

ಈ ಲಕ್ಷಣಗಳಿಗೂ ವಾಹನದ ವಾಯುಮಾರ್ಗಕ್ಕೂ ನಿಕಟವಾದ ಸಂಬಂಧವಿದೆ. ಕಬ್ಬು ನುರಿಸುವ ಕಾಲವು ಮಳೆಗಾಲ ಮುಗಿದ ಮೇಲೆ ಆರಂಭವಾಗಿ ಚಳಿಗಾಲವೆಲ್ಲ ನಡೆಯುವುದು. 1939ರಲ್ಲಿ ಸ್ಥಾಪಿತವಾದ ಉಗಾರ ಖುರ್ದದ ಕಾರ್ಖಾನೆಯೇ ಮೊದಲಾಗಿ ಈ ಸೀಮೆಯಲ್ಲಿ ಹಲವು ಸಕ್ಕರೆ ಕಾರ್ಖಾನೆಗಳಿವೆ. ಲಾರಿಗಳೂ ಟ್ರ್ಯಾಕ್ಟರ್ ಟ್ರೇಲರುಗಳೂ ಕಬ್ಬು ಹೇರಿಕೊಂಡು ಸಾಗುವಾಗ ಒಣಗಿದ ರವದಿಯ ಚೂರುಗಳು ದಾರಿಯುದ್ದಕ್ಕೂ ಉದುರುತ್ತವೆ. ಹಿಂದಿನಿಂದ ಬರುವ ವಾಹನದ ಚಕ್ರಗಳು ಅವನ್ನು ಪುಡಿ ಮಾಡಿ ಮೇಲಕ್ಕೆಬ್ಬಿಸುತ್ತವೆ. ಹೊಲದಲ್ಲಿ ರವದಿ ಸುಟ್ಟಾಗ ಹಾರುವ ಕರಿಯ ಎಸಳುಗಳು, ಕಬ್ಬಿನ ಸಿಪ್ಪೆಯನ್ನು ಉರಿಸುವ ಬಾಯ್ಲರುಗಳ ಬೂದಿಯಲ್ಲಿ ಸಂಗ್ರಾಹಕ ಸಾಧನಗಳನ್ನು ತಪ್ಪಿಸಿಕೊಂಡು ಹೊರಬಿದ್ದ ಹಗುರವಾದ ಅಂಶ, ತಂಬಾಕನ್ನು ಒಣಗಿಸಿ ಕುಟ್ಟುವಲ್ಲಿ ಏಳುವ ಪುಡಿ, ಬೇಸಿಗೆಯಲ್ಲಿ ಎರೆಮಣ್ಣಿನ ನಯವಾದ ಧೂಳು, ಇವೆಲ್ಲ ಸೇರಿ ಇಲ್ಲಿನ ಗಾಳಿಯ ಹೊರೆಯಾಗಿವೆ. ಸಾಲುಮರಗಳ ಪಾತ್ರವೂ ಉಂಟು. ಆಲದ ಎಲೆಯು ದೊಡ್ಡದಾದುದರಿಂದ ವಾಹನದ ಜಾಲರಿಯ ಮೇಲೆಯೇ ನಿಲ್ಲುವುದು. ಕೈಯಿಂದ ಎತ್ತಿ ಎಸೆಯಬಹುದು. ಹುಣಸೆಯ ಕಿರುಎಲೆಗಳಾದರೋ ಜಾಲರಿಯ ಸಂದಿನಲ್ಲಿ ಸಲೀಸಾಗಿ ಇಳಿದುಹೋಗುತ್ತವೆ. ನೆರಳಿಗಾಗಿ ಹುಣಸೆಯ ಮರದಡಿ ವಾಹನ ನಿಲ್ಲಿಸುವವರು ಇದನ್ನು ನೆನಪಿನಲ್ಲಿಡಬೇಕು.

ಈ ಏರ್ಪಾಡು ಬೆಳೆದುಬಂದ ಬಗೆ

ಮೊದಮೊದಲ ಮೋಟಾರು ಗಾಡಿಗಳಿಗೆ ಮುಚ್ಚಿದ ಕೋಣೆಯೇ ಇರಲಿಲ್ಲ. ಕೋಣೆ ಬಂದ ಮೇಲೆ ಚಳಿ ದೇಶಗಳಲ್ಲಿ ಅದನ್ನು ಬೆಚ್ಚಗೆ ಮಾಡುವ ಪ್ರಶ್ನೆ ಎದ್ದಿತು. ಎಂಜಿನಿನ ಬಿಸಿನೀರನ್ನು ಒಂದು ಚಿಕ್ಕ ರೇಡಿಯೇಟರಿನಲ್ಲಿ ಹಾಯಿಸಿ, ಹೊರಗಿನ ಗಾಳಿಯನ್ನು ಸೋಸಿ ಅದರ ಮೂಲಕ ಒಳಕ್ಕೆ ಬಿಡುವ ವ್ಯವಸ್ಥೆಯನ್ನು ಅಮೆರಿಕದ ನ್ಯಾಷ್ ಸಂಸ್ಥೆಯು 1938ರಲ್ಲಿ ಮಾರುಕಟ್ಟೆಗೆ ತಂದಿತು. ಪ್ಯಾಕರ್ಡ್ ಸಂಸ್ಥೆಯ 1940ರ ಮಾದರಿಯಲ್ಲಿ ಗಾಳಿಯನ್ನು ತಂಪುಗೊಳಿಸುವ ಯಂತ್ರವು ದೊರೆಯಿತು. ಬಿಸಿ, ತಂಪು, ಗಾಳಿಯ ಚಲನೆ ಈ ಮೂರನ್ನೂ ವಾಹನದ ಮುಂಭಾಗದಲ್ಲಿಯೇ ಒಂದುಗೂಡಿಸಿದ ಕೀರ್ತಿ 1954ರ ನ್ಯಾಷ್ ಕಾರಿಗೆ ಸಲ್ಲುತ್ತದೆ.

ನಮ್ಮ ದೇಶದಲ್ಲಿ 1957ರಿಂದ 2014ರವರೆಗೆ ತಯಾರಾದ ಅಂಬಾಸಿಡರ್ ಕಾರಿನ ಮುಂಬಾಗಿಲಿನ ತ್ರಿಕೋನ ಗಾಜನ್ನು ಹಲವರು ಕಂಡಿರಬಹುದು. ಅದನ್ನು ತಿರುಗಿಸಿದರೆ ಗಾಳಿ ನೇರವಾಗಿ ಮೈಗೆ ಬಡಿಯುತ್ತಿತ್ತು. ಅಂಥ ಕಿಟಕಿಯಲ್ಲಿ ಕಸ ಕಟ್ಟಿಕೊಳ್ಳುವ ಪ್ರಶ್ನೆಯಿರಲಿಲ್ಲ. ಕಸವೂ ನೇರವಾಗಿ ಮೈಗೇ ಬಡಿಯುತ್ತಿತ್ತು! ಇಂದು ಮುಚ್ಚಿದ ಗಾಜು, ಸೋಸಿದ ಗಾಳಿ ಸಾಮಾನ್ಯವಾಗಿವೆ. 2023ರ ಡಿಸೆಂಬರಿನಲ್ಲಿ ಹೊರಟ ಕೇಂದ್ರ ಸರಕಾರದ ಅಧಿಸೂಚನೆಯ ಮೇರೆಗೆ, 2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಹಾಗೂ ಭಾರಿ ಲಾರಿಗಳ ಚಾಲಕನ ಕೋಣೆಗೆ ಹವಾನಿಯಂತ್ರಣವಿರುವುದು ಕಡ್ಡಾಯ. ಹೀಗೆ ಕಾರಿನವರ ಸುಖಸಾಧನವಾಗಿದ್ದುದು ಕಬ್ಬಿನ ಲಾರಿಯ ಚಾಲಕನ ದುಡಿಮೆಯ ಸಾಧನವೂ ಆಗುತ್ತಿದೆ. ಅದನ್ನು ಶುದ್ಧವಾಗಿಡುವ ವಿದ್ಯೆಯೂ ಅಷ್ಟೇ ಸಾರ್ವತ್ರಿಕವಾಗಬೇಕು.

ಗಾಳಿಯ ದಾರಿ

ಹೊರಗಿನ ಗಾಳಿಯು ಒಳಬರುವ ಬಾಯಿ ಇರುವುದು ಬಾನೆಟ್ಟಿನ ಹಿಂದೆ, ಮುಂಗಾಜಿನ ಬುಡದಲ್ಲಿ, ವೈಪರುಗಳ ಕೆಳಗೆ. ಅಲ್ಲಿಯೇ ಏಕೆ? ವಾಹನವು ಓಡುವಾಗ ಎದುರು ಗಾಳಿಯು ಓರೆಯಾದ ಗಾಜಿನ ಬುಡದಲ್ಲಿ ತಡೆಯಲ್ಪಟ್ಟು, ಅಲ್ಲಿ ಒತ್ತಡ ಹೆಚ್ಚುವುದು. ಚಲಿಸುವ ಗಾಳಿಯು ಪೂರ್ಣವಾಗಿ ನಿಂತಾಗ ಉಂಟಾಗುವ ಒತ್ತಡವು ಸಾಂದ್ರತೆಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದಷ್ಟು. ಈ ಸೀಮೆಯ ಎತ್ತರದಲ್ಲಿ ಒಂದು ಘನ ಮೀಟರ್ ಗಾಳಿಯ ತೂಕ ಸುಮಾರು 1.1 ಕಿಲೋಗ್ರಾಂ. ವಾಹನದ ವೇಗವು ಗಂಟೆಗೆ 60 ಕಿಲೋಮೀಟರ್, ಅಂದರೆ ಸೆಕೆಂಡಿಗೆ 16.7 ಮೀಟರ್ ಆದರೆ, ಒತ್ತಡವು ಸುಮಾರು 150 ಪಾಸ್ಕಲ್ ಆಗುವುದು. ಇದು 15 ಮಿಲಿಮೀಟರ್ ಎತ್ತರದ ನೀರಿನ ಕಂಬದ ಒತ್ತಡಕ್ಕೆ ಸಮ. ಗಾಜಿನ ಬುಡದಲ್ಲಿ ದೊರೆಯುವುದು ಇದರ ಒಂದಂಶ ಮಾತ್ರ. ಆದರೂ ಬೀಸಣಿಗೆ ತಿರುಗದಿದ್ದಾಗಲೂ ಗಾಳಿ ಒಳಕ್ಕೆ ನುಗ್ಗಲು ಅಷ್ಟು ಸಾಕು. ಗಾಳಿ ನಿಲ್ಲುವೆಡೆಯಲ್ಲಿ ಅದು ಹೊತ್ತು ತಂದ ಕಸವೂ ನಿಲ್ಲುವುದು ಸಹಜ. ಗಾಳಿಗೆ ಉತ್ತಮವಾದ ಸ್ಥಳವೇ ಕಸಕ್ಕೂ ಉತ್ತಮವಾದ ಸ್ಥಳವಾಯಿತು.

ಜಾಲರಿಯ ಕೆಳಗೆ ಒಂದು ತೊಟ್ಟಿಯಂಥ ಜಾಗವಿದೆ. ಮಳೆಯ ನೀರು ಗಾಳಿಯೊಡನೆ ಒಳಹೋಗದಂತೆ ಇದರ ತಳದಲ್ಲಿ ನೀರು ಹರಿದುಹೋಗಲು ರಂಧ್ರಗಳಿರುತ್ತವೆ. ಮುಂದೆ ಒಂದು ಕದವುಂಟು. ಅದು ಒಂದು ಕಡೆಗೆ ತಿರುಗಿದರೆ ಹೊರಗಿನ ಗಾಳಿ, ಇನ್ನೊಂದು ಕಡೆಗೆ ತಿರುಗಿದರೆ ಕೋಣೆಯ ಗಾಳಿಯೇ ಮತ್ತೆ ಒಳಬರುವುದು. ಅನಂತರ ಮಡಿಕೆ ಮಡಿಕೆಯಾದ ಶೋಧಕ. ಆಮೇಲೆ ಪಂಜರದ ಆಕಾರದ ಕೇಂದ್ರಾಪಗಾಮಿ ಬೀಸಣಿಗೆ, ಅಂದರೆ ಬ್ಲೋವರ್. ಕೆಲವು ವಾಹನಗಳಲ್ಲಿ ಶೋಧಕವು ಬ್ಲೋವರಿನ ಮುಂದೆಯೂ ಇರಬಹುದು. ಬ್ಲೋವರ್ ದಾಟಿದ ಗಾಳಿಯು ಮೊದಲು ಕೂಲಿಂಗ್ ಕಾಯಿಲನ್ನೂ, ಬಳಿಕ ಬೇಕಾದಷ್ಟು ಮಾತ್ರ ಬಿಸಿನೀರಿನ ಹೀಟರನ್ನೂ ಹಾಯ್ದು, ಕೊಳವೆಗಳ ಮೂಲಕ ಮುಖಕ್ಕೆ, ಕಾಲಿಗೆ, ಇಲ್ಲವೆ ಮುಂಗಾಜಿಗೆ ಹಂಚಿಹೋಗುತ್ತದೆ.

ಶೋಧಕವು ಧೂಳನ್ನು ಹಿಡಿಯುವ ಬಗೆ

ದೊಡ್ಡ ಕಣಗಳು ತಾವಾಗಿಯೇ ನೆಲಕ್ಕಿಳಿಯುತ್ತವೆ. 10 ಮೈಕ್ರೋಮೀಟರ್ ವ್ಯಾಸದ ಮಣ್ಣಿನ ಕಣವು ನಿಶ್ಚಲವಾದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 7 ಮಿಲಿಮೀಟರಿನಂತೆ ಇಳಿಯುವುದು. ಎರಡು ಮೀಟರ್ ಇಳಿಯಲು ಅದಕ್ಕೆ ಐದು ನಿಮಿಷ ಸಾಕು. ಆದರೆ ಬೀಳುವ ವೇಗವು ವ್ಯಾಸದ ವರ್ಗಕ್ಕನುಗುಣವಾಗಿದೆ. ಆದುದರಿಂದ ಒಂದು ಮೈಕ್ರೋಮೀಟರಿನ ಕಣಕ್ಕೆ ಅದೇ ದೂರ ಇಳಿಯಲು ನೂರರಷ್ಟು ಹೊತ್ತು, ಎಂದರೆ ಏಳು ಗಂಟೆಗಳಿಗೂ ಮೇಲೆ ಬೇಕು. ಶ್ವಾಸಕೋಶದ ಆಳಕ್ಕೆ ತಲಪುವುದು ಇಂಥ ಸೂಕ್ಷ್ಮ ಕಣವೇ.

ಶೋಧಕವು ಜರಡಿಯಂತೆ ಕೆಲಸ ಮಾಡುವುದೆಂದು ಹಲವರು ಭಾವಿಸುತ್ತಾರೆ. ಅದು ಅರ್ಧ ಸತ್ಯ. ಅದರ ಎಳೆಗಳ ನಡುವಣ ಸಂದುಗಳು ಹಿಡಿಯಬೇಕಾದ ಕಣಕ್ಕಿಂತ ಎಷ್ಟೋ ದೊಡ್ಡವು. ಗಾಳಿಯು ಎಳೆಯನ್ನು ಬಳಸಿ ತಿರುಗುವಾಗ, ಭಾರವಾದ ಕಣವು ತನ್ನ ಜಡತ್ವದಿಂದ ತಿರುಗಲಾರದೆ ಎಳೆಗೆ ಬಡಿದು ಅಂಟಿಕೊಳ್ಳುವುದು. ಮಧ್ಯಮ ಕಣವು ಗಾಳಿಯೊಡನೆ ತಿರುಗಿದರೂ ಎಳೆಯ ಮೈಗೆ ಸವರಿ ಸಿಕ್ಕಿಬೀಳುವುದು. ಅತಿ ಸೂಕ್ಷ್ಮ ಕಣವಾದರೋ ಗಾಳಿಯ ಅಣುಗಳ ಹೊಡೆತಕ್ಕೆ ಸಿಕ್ಕಿ ಅತ್ತಿತ್ತ ಅಲೆಯುತ್ತ ಎಂದಾದರೊಂದು ಎಳೆಯನ್ನು ಮುಟ್ಟುವುದು. ಇದೇ ಬ್ರೌನ್ ಚಲನೆ. ಜಡತ್ವವೂ ಸಾಲದ, ಅಲೆದಾಟವೂ ಸಾಲದ ಸುಮಾರು 0.3 ಮೈಕ್ರೋಮೀಟರಿನ ಕಣವನ್ನು ಹಿಡಿಯುವುದೇ ಎಲ್ಲಕ್ಕಿಂತ ಕಷ್ಟ.

ಮಡಿಕೆಗಳ ಪ್ರಯೋಜನವನ್ನು ಒಂದು ಲೆಕ್ಕದಿಂದ ತಿಳಿಯಬಹುದು. 20 ಸೆಂಟಿಮೀಟರ್ ಚೌಕದ ಶೋಧಕದ ಬಾಯಿಯ ವಿಸ್ತೀರ್ಣ 400 ಚದರ ಸೆಂಟಿಮೀಟರ್. ಅದರಲ್ಲಿ 3 ಸೆಂಟಿಮೀಟರ್ ಆಳದ 25 ಮಡಿಕೆಗಳಿದ್ದರೆ, ಪ್ರತಿಯೊಂದಕ್ಕೂ ಎರಡು ಮಗ್ಗುಲುಗಳಿರುವುದರಿಂದ ಒಟ್ಟು ವಿಸ್ತೀರ್ಣ 3,000 ಚದರ ಸೆಂಟಿಮೀಟರ್ ಆಗುವುದು. ಗಾಳಿಯು ಬಟ್ಟೆಯನ್ನು ದಾಟುವ ವೇಗ ಏಳೂವರೆ ಪಾಲು ಕುಗ್ಗಿ, ಅದಕ್ಕೆ ತಕ್ಕಂತೆ ಅಡ್ಡಿಯೂ ಕುಗ್ಗುವುದು. ರವದಿಯ ಪುಡಿಯು ಮಡಿಕೆಗಳ ಸಂದನ್ನು ತುಂಬಿದರೆ ಈ ಲಾಭವೆಲ್ಲ ಕ್ರಮೇಣ ಇಲ್ಲವಾಗುವುದು.

ಕಸದಿಂದಾಗುವ ಕೇಡುಗಳು

ಮೊದಲನೆಯದು, ಗಾಜು ಮಂಜಾಗುವುದು. ವಿಶ್ರಾಂತಿಯಲ್ಲಿರುವ ಒಬ್ಬ ಮನುಷ್ಯನು ಉಸಿರು, ಚರ್ಮಗಳ ಮೂಲಕ ಗಂಟೆಗೆ ಸುಮಾರು 40ರಿಂದ 50 ಗ್ರಾಂ ನೀರಾವಿಯನ್ನು ಹೊರಬಿಡುತ್ತಾನೆ. ಐವರು ಕುಳಿತರೆ ಗಂಟೆಗೆ 200 ಗ್ರಾಮಿಗೂ ಹೆಚ್ಚು. ಕಾರಿನ ಒಳಗಿನ ಗಾಳಿ ಸುಮಾರು 3 ಘನ ಮೀಟರ್. 15 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದು ಘನ ಮೀಟರ್ ಗಾಳಿಯು ಹೊರಬಲ್ಲ ನೀರಾವಿ 12.8 ಗ್ರಾಂ, ಮೂರಕ್ಕೆ ಸುಮಾರು 38 ಗ್ರಾಂ. ಆದುದರಿಂದ ಒಳಗಿನ ಗಾಳಿ ಪೂರ್ಣವಾಗಿ ಒಣಗಿದ್ದರೂ, ಹೊರಗಿನ ಗಾಳಿ ಬಾರದಿದ್ದರೆ ಹತ್ತು ಹನ್ನೊಂದು ನಿಮಿಷಗಳಲ್ಲಿ ಅದು ಸಂತೃಪ್ತವಾಗುವುದು. ವಾಸ್ತವದಲ್ಲಿ ಅದಕ್ಕಿಂತಲೂ ಬೇಗನೆ, ಏಕೆಂದರೆ ಗಾಳಿ ಎಂದೂ ಪೂರ್ಣವಾಗಿ ಒಣಗಿರುವುದಿಲ್ಲ. ಗಾಜಿನ ಉಷ್ಣತೆಯು ಇಬ್ಬನಿ ಬಿಂದುವಿಗಿಂತ ಕೆಳಗಿದ್ದರೆ ಅದರ ಮೇಲೆ ಹನಿಗಳು ಕೂಡುವುವು. ಕೃಷ್ಣಾ ತೀರದ ಊರುಗಳಲ್ಲಿ ಚಳಿಗಾಲದ ನಸುಕಿನ ಹೊತ್ತು ಹೊರಗೂ ಮಂಜು, ಒಳಗೂ ಮಂಜು. ಎದುರಿಗೆ ಹಿಂದೀಪವಿಲ್ಲದ ಕಬ್ಬಿನ ಟ್ರೇಲರೊಂದು ನಿಂತಿದ್ದರೆ ಪರಿಣಾಮವನ್ನು ವಿವರಿಸಬೇಕಾಗಿಲ್ಲ. ಕಬ್ಬಿನ ಕಾಲವೂ ಮಂಜಿನ ಕಾಲವೂ ಒಂದೇ ಆಗಿರುವುದರಿಂದ, ವಾಯುಮಾರ್ಗವು ಹೆಚ್ಚು ಕಟ್ಟಿಕೊಳ್ಳುವ ಕಾಲದಲ್ಲಿಯೇ ಅದರ ಅಗತ್ಯವೂ ಹೆಚ್ಚು.

ಎರಡನೆಯದು, ನೀರು ಒಳಗೆ ನಿಲ್ಲುವುದು. 25 ಡಿಗ್ರಿಯ, ಸಾಪೇಕ್ಷ ಆರ್ದ್ರತೆ ನೂರಕ್ಕೆ 80 ಇರುವ ಒಂದು ಘನ ಮೀಟರ್ ಗಾಳಿಯಲ್ಲಿ 18.4 ಗ್ರಾಂ ನೀರಾವಿಯಿರುತ್ತದೆ. ಕೂಲಿಂಗ್ ಕಾಯಿಲ್ ಅದನ್ನು 5 ಡಿಗ್ರಿಗೆ ಇಳಿಸಿದರೆ ಉಳಿಯುವುದು 6.8 ಗ್ರಾಂ, ಮಿಕ್ಕ 11.6 ಗ್ರಾಂ ನೀರಾಗುವುದು. ಗಂಟೆಗೆ 200 ಘನ ಮೀಟರ್ ಗಾಳಿ ಹಾಯ್ದರೆ ಎರಡು ಲೀಟರಿಗೂ ಹೆಚ್ಚು ನೀರು! ಇದು ಒಂದು ಸಣ್ಣ ರಬ್ಬರು ಕೊಳವೆಯ ಮೂಲಕ ನೆಲಕ್ಕೆ ತೊಟ್ಟಿಕ್ಕಬೇಕು. ನಿಂತ ಕಾರಿನ ಕೆಳಗೆ ಬೇಸಿಗೆಯಲ್ಲಿ ಕಾಣುವ ನೀರು ಇದೇ; ಅದು ಆರೋಗ್ಯದ ಚಿಹ್ನೆ. ಎಲೆಯ ಪುಡಿಯೂ ಧೂಳೂ ಕೆಸರಾಗಿ ಕೊಳವೆಯನ್ನು ಮುಚ್ಚಿದರೆ ನೀರು ಒಳಗಣ ಕಾಲುಹಾಸಿಗೆ ಇಳಿಯುವುದು. ತೇವ, ಕತ್ತಲೆ, ಕೊಳೆತ ಎಲೆ ಮೂರೂ ಕೂಡಿದೆಡೆ ಬೂಷ್ಟು ಬೆಳೆಯದೆ ಇರದು. ಮುಗ್ಗಲು ವಾಸನೆಯ ಮೂಲ ಅದು. ಆಸ್ತಮಾ ಇರುವವರಿಗೆ ಅದು ವಾಸನೆಯಷ್ಟೇ ಆಗಿ ಉಳಿಯುವುದಿಲ್ಲ.

ಮೂರನೆಯದು, ಯಂತ್ರಕ್ಕಾಗುವ ಹಾನಿ. ಬ್ಲೋವರಿನ ಪಂಜರದಲ್ಲಿ ಒಂದು ಗ್ರಾಂ ತೂಕದ ಕಡ್ಡಿಯೊಂದು ಸಿಕ್ಕಿಕೊಂಡಿದೆಯೆನ್ನೋಣ. ತ್ರಿಜ್ಯ 7 ಸೆಂಟಿಮೀಟರ್, ವೇಗ ನಿಮಿಷಕ್ಕೆ 3,000 ಸುತ್ತು ಆದರೆ, ಅದು ಹೊರಕ್ಕೆಳೆಯುವ ಬಲ ಸುಮಾರು 7 ನ್ಯೂಟನ್, ಅಂದರೆ ತನ್ನ ತೂಕದ 700 ಪಾಲು. ಈ ಎಳೆತವು ಸೆಕೆಂಡಿಗೆ 50 ಬಾರಿ ದಿಕ್ಕು ಬದಲಿಸುವುದರಿಂದ ಗಡಗಡ ಸದ್ದೂ ಕಂಪನವೂ ಹುಟ್ಟಿ ಬೇರಿಂಗು ಸವೆಯುವುದು. ಇದಲ್ಲದೆ ಅನೇಕ ವಾಹನಗಳಲ್ಲಿ ಬ್ಲೋವರಿನ ವೇಗವನ್ನು ತಗ್ಗಿಸುವ ರೋಧಕವನ್ನು ಗಾಳಿಯ ದಾರಿಯಲ್ಲಿಯೇ ಇಟ್ಟಿರುತ್ತಾರೆ. ಅದು ತಣ್ಣಗಿರಬೇಕಾದರೆ ಗಾಳಿ ಹರಿಯುತ್ತಿರಬೇಕು. ಗಾಳಿ ಕಟ್ಟಿಹೋಗಿ, ಒಣ ಎಲೆಗಳು ಅದನ್ನು ಮುತ್ತಿಕೊಂಡರೆ ಸುಟ್ಟ ವಾಸನೆ ಬರುವುದು. ಆಗ ಕೂಡಲೆ ಬ್ಲೋವರನ್ನು ನಿಲ್ಲಿಸಬೇಕು.

ನಾಲ್ಕನೆಯದು ಎಲ್ಲಕ್ಕೂ ಘೋರವಾದದ್ದು. ಗಾಳಿಯ ಬಾಯಿ ಎಂಜಿನಿನ ಹಿಂದೆಯೇ ಇರುವುದರಿಂದ, ಎಂಜಿನಿನ ಕೋಣೆಯ ಗಾಳಿ ಅಲ್ಲಿಗೆ ಬಾರದಂತೆ ಬಾನೆಟ್ಟಿನ ಅಂಚಿಗೆ ರಬ್ಬರು ಪಟ್ಟಿಯಿರುತ್ತದೆ. ಇಲಿಗಳು ಅದನ್ನು ಕಡಿದರೆ, ಅಥವಾ ಕಸ ತುಂಬಿ ಅದು ಸರಿಯಾಗಿ ಕೂಡದಿದ್ದರೆ, ಹೊಗೆಕೊಳವೆಯ ಸೋರಿಕೆಯಿಂದ ಬಂದ ಕಾರ್ಬನ್ ಮಾನಾಕ್ಸೈಡ್ ಅನಿಲವು ಒಳಸೇರಬಹುದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೊಗ್ಲೋಬಿನಿಗೆ ಆಮ್ಲಜನಕಕ್ಕಿಂತ ಇದರಲ್ಲಿ 200 ಪಾಲಿಗೂ ಹೆಚ್ಚಿನ ಆಕರ್ಷಣೆ. ಯಾವ ಶೋಧಕವೂ ಇದನ್ನು ತಡೆಯಲಾರದು. ಕಾರ್ಖಾನೆಯ ಅಂಗಳದಲ್ಲಿ ಸರದಿಗಾಗಿ ರಾತ್ರಿಯೆಲ್ಲ ಕಾಯುವ ಲಾರಿಯ ಚಾಲಕರು ಎಂಜಿನನ್ನು ನಡೆಸುತ್ತ, ಗಾಜು ಮುಚ್ಚಿ, ಹವಾನಿಯಂತ್ರಣದಲ್ಲಿ ಮಲಗಬಾರದೆಂಬುದಕ್ಕೆ ಇದೇ ಕಾರಣ. ತಲೆನೋವು, ಓಕರಿಕೆ, ಮಂಪರು ಇದರ ಮೊದಲ ಲಕ್ಷಣಗಳು. ಮಲಗಿದವನಿಗೆ ಅವು ತಿಳಿಯುವುದೇ ಇಲ್ಲ.

ಶುದ್ಧಿಯ ಕ್ರಮ

ಕೆಲಸಕ್ಕೆ ಮೊದಲು ಎಂಜಿನನ್ನು ನಿಲ್ಲಿಸಿ, ಕೀಲಿಯನ್ನು ತೆಗೆದು, ಬಾನೆಟ್ಟಿನ ಒಳಭಾಗ ಆರುವವರೆಗೆ ಕಾಯಬೇಕು. ಆಮೇಲೆ ಗಾಳಿ ಹೋಗುವ ದಿಕ್ಕಿನಲ್ಲಿಯೇ ಹೊರಗಿನಿಂದ ಒಳಕ್ಕೆ ನಡೆಯಬೇಕು. ಇಲ್ಲವಾದರೆ ಮುಂದಿನದನ್ನು ಶುದ್ಧಮಾಡಿದ ಮೇಲೆ ಹಿಂದಿನ ಕಸ ಅಲ್ಲಿಗೇ ಬಂದು ಸೇರುವುದು.

1. ಜಾಲರಿ ಮತ್ತು ತೊಟ್ಟಿ. ಎಲೆಗಳನ್ನೂ ರವದಿಯನ್ನೂ ಕೈಯಿಂದ ಹೆಕ್ಕಬೇಕು. ಉಳಿದುದನ್ನು ವ್ಯಾಕ್ಯೂಮ್ ಕ್ಲೀನರಿನಿಂದ ಎಳೆಯಬೇಕು. ಪೈಪು ಹಿಡಿದು ರಭಸದ ನೀರು ಬಿಡುವುದು ಸಲ್ಲದು. ಅದು ಕಸವನ್ನು ರಂಧ್ರಗಳಿಗೆ ತುರುಕುತ್ತದೆ.

2. ರಂಧ್ರಗಳ ಪರೀಕ್ಷೆ. ತೊಟ್ಟಿಗೆ ಒಂದು ತಂಬಿಗೆ ನೀರನ್ನು ಮೆಲ್ಲಗೆ ಹೊಯ್ಯಬೇಕು. ಅದು ಎರಡೂ ಮಗ್ಗುಲುಗಳಲ್ಲಿ, ಮುಂಚಕ್ರಗಳ ಹಿಂದೆ ಬೇಗನೆ ಇಳಿದರೆ ದಾರಿ ತೆರೆದಿದೆ. ನಿಂತರೆ ಮೆದುವಾದ ಪ್ಲಾಸ್ಟಿಕ್ ಕಡ್ಡಿಯಿಂದ ಬಿಡಿಸಬೇಕು. ತಂತಿಯಿಂದ ಚುಚ್ಚಿದರೆ ರಬ್ಬರು ಹರಿಯುವುದು.

3. ಶೋಧಕ. ಬಹುತೇಕ ಕಾರುಗಳಲ್ಲಿ ಇದು ಗ್ಲೋವ್ ಬಾಕ್ಸಿನ ಹಿಂದೆ ಇರುತ್ತದೆ. ಹೊರತೆಗೆಯುವ ಮುನ್ನ ಅಂಚಿನ ಮೇಲಿರುವ ಗಾಳಿಯ ದಿಕ್ಕಿನ ಬಾಣವನ್ನು ಗುರುತಿಟ್ಟುಕೊಳ್ಳಬೇಕು. ಕಾಗದದ ಶೋಧಕವನ್ನು ತೊಳೆಯಬಾರದು. ಮೆಲ್ಲಗೆ ತಟ್ಟಿ ಧೂಳುದುರಿಸುವುದು ತಾತ್ಕಾಲಿಕ ಉಪಾಯ. ಗ್ಯಾರೇಜಿನ ಒತ್ತಡದ ಗಾಳಿಯನ್ನು ಹತ್ತಿರದಿಂದ ಹೊಡೆದರೆ ಎಳೆಗಳು ಬಿಟ್ಟುಕೊಂಡು, ಕಣ್ಣಿಗೆ ಶುದ್ಧವಾಗಿ ಕಾಣುವ, ಆದರೆ ಏನನ್ನೂ ಹಿಡಿಯದ ಶೋಧಕ ಉಳಿಯುವುದು. ತಯಾರಕರು ಸೂಚಿಸುವ ಅವಧಿಗಿಂತ ಮೊದಲೇ, ಕಬ್ಬಿನ ಕಾಲ ಮುಗಿದೊಡನೆ ಹೊಸದನ್ನು ಹಾಕುವುದು ಈ ಸೀಮೆಗೆ ತಕ್ಕ ನಿಯಮ.

4. ಬ್ಲೋವರ್. ಶೋಧಕವನ್ನು ತೆಗೆದ ಜಾಗದಿಂದ, ಇಲ್ಲವೆ ಬ್ಲೋವರನ್ನೇ ಕಳಚಿ, ಪಂಜರದ ಎಲೆಗಳ ನಡುವಣ ಕಸವನ್ನು ಮೆದುವಾದ ಕುಂಚದಿಂದ ಬಿಡಿಸಿ ಹೊರಕ್ಕೆ ಎಳೆಯಬೇಕು. ಒಳಕ್ಕೆ ಗಾಳಿ ಊದಬಾರದು; ಊದಿದ ಕಸವೆಲ್ಲ ಮುಂದಿನ ಕಾಯಿಲಿಗೆ ಹೋಗಿ ಅಂಟುವುದು.

5. ಕೂಲಿಂಗ್ ಕಾಯಿಲ್. ಇದರ ಅಲ್ಯೂಮಿನಿಯಂ ರೆಕ್ಕೆಗಳು ಕಾಗದದಷ್ಟು ತೆಳು. ಗಟ್ಟಿ ಬ್ರಷ್ಷು ತಾಕಿದರೆ ಮಡಚಿಕೊಂಡು ಗಾಳಿಗೆ ಅಡ್ಡವಾಗುವುವು. ಇದಕ್ಕೆಂದೇ ದೊರೆಯುವ ನೊರೆಯನ್ನು ಸಿಂಪಡಿಸಿ, ಕರಗಿದ ಕೊಳೆಯು ನೀರಿನ ಕೊಳವೆಯಿಂದ ಇಳಿಯುವಂತೆ ಬಿಡಬೇಕು. ಶೀತಕ ಅನಿಲವಿರುವ ಕೊಳವೆಗಳನ್ನು ವಿದ್ಯಾರ್ಥಿಗಳು ಎಂದೂ ಬಿಚ್ಚಕೂಡದು. ಅದು ತರಬೇತಾದವರ ಕೆಲಸ.

6. ಹೀಟರ್. ಗಾಳಿ ಚೆನ್ನಾಗಿ ಬಂದರೂ ಬಿಸಿಯಾಗದಿದ್ದರೆ ಕಸವು ನೀರಿನ ಕಡೆಯಲ್ಲಿದೆ. ಕೂಲಂಟಿನ ಬದಲು ಕೊಳವೆಬಾವಿಯ ಗಡಸು ನೀರನ್ನು ರೇಡಿಯೇಟರಿಗೆ ಹಾಕುತ್ತ ಬಂದರೆ ಸುಣ್ಣದ ಪದರ ಕಟ್ಟಿ ಸಣ್ಣ ಕೊಳವೆಗಳು ಮುಚ್ಚುತ್ತವೆ. ಬಿಸಿಯಿರುವಾಗ ರೇಡಿಯೇಟರಿನ ಮುಚ್ಚಳ ತೆಗೆಯುವುದು ಅಪಾಯ. ಒತ್ತಡದಲ್ಲಿರುವ ನೀರು 100 ಡಿಗ್ರಿಗಿಂತ ಮೇಲಿದ್ದರೂ ಕುದಿಯದೆ ಇರುತ್ತದೆ. ಮುಚ್ಚಳ ಸಡಿಲವಾದ ಕ್ಷಣದಲ್ಲಿಯೇ ಕುದಿದು ಮುಖಕ್ಕೆ ಹಾರುವುದು.

7. ಕೊನೆಯ ಪರೀಕ್ಷೆ. ಎಲ್ಲ ಬಾಗಿಲುಗಳನ್ನು ತೆರೆದು, ಯಾರೂ ಒಳಗೆ ಕೂಡದೆ, ಬ್ಲೋವರನ್ನು ಪೂರ್ಣ ವೇಗದಲ್ಲಿ ಕೆಲವು ನಿಮಿಷ ನಡೆಸಬೇಕು. ಸಡಿಲವಾದ ಧೂಳು ಆಗ ಹೊರಬರುವುದು.

ಇಲಿ, ಪ್ರವಾಹ, ತಂಬಾಕು

ಸಾಮಾನ್ಯ ಧೂಳಿಗಿಂತ ಹೆಚ್ಚು ಎಚ್ಚರ ಬೇಡುವ ಮೂರು ಸಂದರ್ಭಗಳಿವೆ. ಕಬ್ಬು ಕಡಿದ ಮೇಲೆ ಹೊಲದ ಇಲಿಗಳು ನೆಲೆ ಹುಡುಕುತ್ತ ಊರ ಕಡೆ ಬರುತ್ತವೆ. ಬೆಚ್ಚಗಿನ ವಾಯುಮಾರ್ಗ ಅವಕ್ಕೆ ಅಚ್ಚುಮೆಚ್ಚು. ಗೂಡು, ಹಿಕ್ಕೆಗಳು ಕಂಡರೆ ಒಣಗಿದ್ದಂತೆಯೇ ಗುಡಿಸಬಾರದು. ಕೈಚೀಲ, ಮುಖಗವಸು ಧರಿಸಿ, ಒಂದು ಪಾಲು ಬ್ಲೀಚಿಗೆ ಒಂಬತ್ತು ಪಾಲು ನೀರು ಬೆರೆಸಿ ಗೂಡನ್ನು ತೋಯಿಸಿ, ಸ್ವಲ್ಪ ಹೊತ್ತಿನ ಬಳಿಕ ಚೀಲದಲ್ಲಿ ತೆಗೆಯಬೇಕು. ಇಲಿಯ ಮೂತ್ರದಿಂದ ಇಲಿಜ್ವರವು ಗಾಯದ ಮೂಲಕ ಹರಡಬಲ್ಲುದು.

2019ರ ಆಗಸ್ಟಿನಲ್ಲಿ ಕೃಷ್ಣೆಯೂ ಅದರ ಉಪನದಿಗಳೂ ಉಕ್ಕಿದಾಗ ಈ ಸೀಮೆಯ ಅನೇಕ ಊರುಗಳು ಜಲಾವೃತವಾದವು. ನೀರಿನಲ್ಲಿ ಮುಳುಗಿದ ವಾಹನದ ಬ್ಲೋವರನ್ನು ಪರೀಕ್ಷೆಗೆಂದೂ ನಡೆಸಬಾರದು. ಒದ್ದೆಯಾದ ತಂತಿಗಳಲ್ಲಿ ವಿದ್ಯುತ್ತು ಅಡ್ಡದಾರಿ ಹಿಡಿಯುವುದು. ಕೆಸರು ಒಣಗಿದರೆ ಎರೆಮಣ್ಣು ಇಟ್ಟಿಗೆಯಂತಾಗುವುದರಿಂದ, ಅದು ಹಸಿಯಿರುವಾಗಲೇ ಭಾಗಗಳನ್ನು ಕಳಚಿ ತೊಳೆಯಿಸಬೇಕು. ಶೋಧಕವನ್ನು ಎಸೆಯುವುದೊಂದೇ ದಾರಿ.

ತಂಬಾಕಿನ ಪುಡಿಯಲ್ಲಿ ನಿಕೋಟಿನ್ ಇದೆ. ಅದು ನೀರಿನಲ್ಲಿ ಕರಗಿ ಚರ್ಮದ ಮೂಲಕ ದೇಹವನ್ನು ಸೇರಬಲ್ಲುದು. ಆದುದರಿಂದ ತಂಬಾಕು ಸಾಗಿಸುವ ವಾಹನದ ಶೋಧಕವನ್ನು ಬರಿಗೈಯಿಂದ, ಅದರಲ್ಲಿಯೂ ಒದ್ದೆ ಕೈಯಿಂದ, ಮುಟ್ಟಬಾರದು. ಮಕ್ಕಳಿಗೆ ಆ ಕೆಲಸ ಹೇಳಬಾರದು.

ಹಳೆಯ ಶೋಧಕದ ಪಾಠ

ಹೀಗೆ ತೆಗೆದ ಶೋಧಕವು ಕಸದ ಬುಟ್ಟಿಗೆ ಹೋಗುವ ಮುನ್ನ ವಿಜ್ಞಾನದ ತರಗತಿಗೆ ಬರಲಿ. ಅದು ಆ ವಾಹನವು ಓಡಾಡಿದ ಊರುಗಳ ಗಾಳಿಯ ದಾಖಲೆ. ನಿಪ್ಪಾಣಿಯಲ್ಲಿ ಓಡಿದ ವಾಹನದ್ದೊಂದು, ಉಗಾರದ ಕಡೆ ಓಡಿದ ವಾಹನದ್ದೊಂದು, ಅಥಣಿಯ ಒಣಭೂಮಿಯಲ್ಲಿ ಓಡಿದ ವಾಹನದ್ದೊಂದು ಶೋಧಕವನ್ನು ಗ್ಯಾರೇಜುಗಳಿಂದ ಪಡೆದು, ಕೈಚೀಲ, ಮುಖಗವಸು ಧರಿಸಿ, ಅಂಟುಪಟ್ಟಿಯಿಂದ ಧೂಳನ್ನೆತ್ತಿ ಗಾಜಿನ ತುಣುಕಿಗೆ ಹಚ್ಚಿ ಸೂಕ್ಷ್ಮದರ್ಶಕದಲ್ಲಿ ನೋಡಬಹುದು. ಮಣ್ಣಿನ ಹರಳುಗಳಿಗೆ ಮೂಲೆಗಳಿರುತ್ತವೆ. ಪರಾಗಗಳು ಗುಂಡಾಗಿ, ಮೈಮೇಲೆ ಕ್ರಮವಾದ ಕೆತ್ತನೆಯಿಂದ ಕೂಡಿರುತ್ತವೆ. ಸುಟ್ಟ ರವದಿಯ ಚೂರು ಕರಿದು, ಮುಟ್ಟಿದರೆ ಪುಡಿಯಾಗುವಂಥದು. ತಂಬಾಕಿನ ಚೂರಿನಲ್ಲಿ ತುದಿಗೆ ಗ್ರಂಥಿಗಳುಳ್ಳ ಸೂಕ್ಷ್ಮ ರೋಮಗಳು ಕಾಣಬಹುದು. ಪ್ರತಿ ಶೋಧಕದ ನೂರು ಕಣಗಳನ್ನು ಬಗೆಬಗೆಯಾಗಿ ಎಣಿಸಿ ಪಟ್ಟಿ ಮಾಡಿದರೆ ಊರು ಊರುಗಳ ಗಾಳಿಯನ್ನು ಹೋಲಿಸಲು ಬರುವುದು.

ಶೋಧಕವನ್ನು ಬದಲಿಸುವುದರಿಂದ ವಾಹನದ ಒಳಗಿನವರಿಗೆ ಶುದ್ಧ ಗಾಳಿ ದೊರೆತೀತು. ಆದರೆ ಅದರ ಮಡಿಕೆಗಳಲ್ಲಿ ಸಿಕ್ಕ ಬೂದಿಯನ್ನೇ ರಸ್ತೆಯ ಬದಿಯಲ್ಲಿ ನಡೆದುಹೋಗುವವನೂ, ಹೊಲದಲ್ಲಿ ಕಬ್ಬು ಕಡಿಯುವವನೂ, ತಂಬಾಕಿನ ವಖಾರಿಯಲ್ಲಿ ದುಡಿಯುವವಳೂ ಯಾವ ಶೋಧಕವೂ ಇಲ್ಲದೆ ಸೇವಿಸುತ್ತಾರೆ. ರವದಿಯನ್ನು ಸುಡದೆ ಹೊಲದಲ್ಲಿಯೇ ಹೊದಿಕೆಯಾಗಿ ಬಿಟ್ಟರೆ ಮಣ್ಣಿಗೆ ತೇವವೂ ಸತ್ತ್ವವೂ ಉಳಿಯುವುವು, ಗಾಳಿಗೆ ಹೊಗೆ ತಪ್ಪುವುದು. ಕಸವನ್ನು ಕೊನೆಯಲ್ಲಿ ಹಿಡಿಯುವುದಕ್ಕಿಂತ ಮೊದಲಲ್ಲಿ ತಡೆಯುವುದು ಲೇಸೆಂಬುದು ಎಲ್ಲ ಶೋಧಕಗಳೂ ಕಲಿಸುವ ಪಾಠ.

ಅಭ್ಯಾಸ

1. ವಾಹನದ ವೇಗವು ಗಂಟೆಗೆ 30ರಿಂದ 60 ಕಿಲೋಮೀಟರಿಗೆ ಏರಿದರೆ, ಮುಂಗಾಜಿನ ಬುಡದ ಒತ್ತಡವು ಎಷ್ಟು ಪಾಲು ಹೆಚ್ಚುವುದು? ಏಕೆ?

2. 25 ಡಿಗ್ರಿಯ ಒಂದು ಘನ ಮೀಟರ್ ಗಾಳಿಯು ಹೊರಬಲ್ಲ ನೀರಾವಿ 23 ಗ್ರಾಂ. 10 ಡಿಗ್ರಿಯಲ್ಲಿ 9.4 ಗ್ರಾಂ. ಸಾಪೇಕ್ಷ ಆರ್ದ್ರತೆ ನೂರಕ್ಕೆ 60 ಇರುವ 25 ಡಿಗ್ರಿಯ ಗಾಳಿಯನ್ನು 10 ಡಿಗ್ರಿಗೆ ತಂಪು ಮಾಡಿದರೆ ಘನ ಮೀಟರಿಗೆ ಎಷ್ಟು ನೀರು ದೊರೆಯುವುದು? (ಉತ್ತರ: ಸುಮಾರು 4.4 ಗ್ರಾಂ.)

3. ಮಂಜಾದ ಗಾಜನ್ನು ತಿಳಿಗೊಳಿಸಲು ಕೂಲಿಂಗ್ ಕಾಯಿಲನ್ನೂ ಹೀಟರನ್ನೂ ಒಟ್ಟಿಗೆ ನಡೆಸುವುದು ಹೆಚ್ಚು ಫಲಕಾರಿ. ಗಾಳಿಯನ್ನು ಮೊದಲು ತಣ್ಣಗೆ ಮಾಡಿ ಮತ್ತೆ ಬಿಸಿಮಾಡುವುದರ ಪ್ರಯೋಜನವೇನು?

4. ಕಬ್ಬಿನ ಲಾರಿಯ ಹಿಂದೆ ಸಾಗುವಾಗ ಹೊರಗಾಳಿಯ ಕದವನ್ನು ಮುಚ್ಚುವುದು ಸರಿ. ಲಾರಿಯನ್ನು ದಾಟಿದ ಮೇಲೆ ಅದನ್ನು ಮತ್ತೆ ತೆರೆಯಬೇಕೇಕೆ?